ನೆಲಕ್ಕಿಂತ ಮೊದಲು ಪರದೆಯ ಮೇಲೆ ಬಡಾವಣೆ ಬೇಕೆ?

ಮೈಸೂರಿನ ರಿಂಗ್ ರಸ್ತೆಯಾಚೆ ಏಳುವ ಹೊಸ ಬಡಾವಣೆಗಳು ತಾವು ಬಳಸುವುದಕ್ಕಿಂತ ಹೆಚ್ಚು ವಿದ್ಯುತ್ತನ್ನು ತಾವೇ ಉತ್ಪಾದಿಸುವಂತಿರಬೇಕು. ಅದಕ್ಕಾಗಿ ಪ್ರತಿ ಬಡಾವಣೆಯ ಡಿಜಿಟಲ್ ಅವಳಿಯನ್ನು, ಅಂದರೆ ಗಣಕದೊಳಗಿನ ಪ್ರತಿರೂಪವನ್ನು ರೂಪಿಸಿ, ಅದರಲ್ಲಿ ಪರೀಕ್ಷಿಸಿದ ನಂತರವೇ ನಿವೇಶನ ಹಂಚಬೇಕು. ಈ ವಾದ ಸರಿಯೆ?

ಪರ: ನೆರಳು ಎಲ್ಲಿ ಬೀಳುತ್ತದೆಂದು ಮೊದಲೇ ತಿಳಿಯಲಿ

ನಮ್ಮ ಬೀದಿಯ ಹಿರಿಯರೊಬ್ಬರು ನಿವೃತ್ತಿಯ ಹಣದಲ್ಲಿ ತಾರಸಿಯ ಮೇಲೆ 3 ಕಿಲೋವಾಟ್ ಸೌರಫಲಕ ಹಾಕಿಸಿದರು. ಎರಡು ವರ್ಷ ಬಿಲ್ಲು ಬಂದಾಗಲೆಲ್ಲ ಅದನ್ನು ಬೀದಿಯವರಿಗೆಲ್ಲ ತೋರಿಸಿ ಸಂತೋಷಪಟ್ಟರು. ಮೂರನೆಯ ವರ್ಷ ದಕ್ಷಿಣದ ಖಾಲಿ ನಿವೇಶನದಲ್ಲಿ ಮನೆ ಎದ್ದಿತು, ಇವರ ತಾರಸಿಗಿಂತ 20 ಅಡಿ ಎತ್ತರ. ಕಟ್ಟಿದವರು ನಿಯಮ ಮೀರಿರಲಿಲ್ಲ. ಆದರೆ ಮೈಸೂರು ಇರುವುದು ಉತ್ತರ ಅಕ್ಷಾಂಶ 12 ಡಿಗ್ರಿಯ ಆಸುಪಾಸಿನಲ್ಲಿ. ಡಿಸೆಂಬರ್ 21ರ ನಡುಹಗಲಿನಲ್ಲೂ ಸೂರ್ಯ ನೆತ್ತಿಯಿಂದ ಸುಮಾರು 36 ಡಿಗ್ರಿ ದಕ್ಷಿಣಕ್ಕೆ ವಾಲಿರುತ್ತಾನೆ. 20 ಅಡಿಯ ಗೋಡೆ ಆಗ 14 ಅಡಿಗೂ ಹೆಚ್ಚು ಉದ್ದದ ನೆರಳು ಚಾಚುತ್ತದೆ. ಎರಡು ಮನೆಗಳ ನಡುವಿನ ಸಂದಿಯನ್ನು ಕಳೆದರೂ ಎಂಟು ಅಡಿ ತಾರಸಿ ಕತ್ತಲಾಯಿತು. ಒಂದು ಫಲಕದ ಮೇಲೆ ಬಿದ್ದ ನೆರಳು ಅದೇ ಸಾಲಿನ ಉಳಿದ ಫಲಕಗಳ ಉತ್ಪಾದನೆಯನ್ನೂ ಕುಗ್ಗಿಸಬಲ್ಲದು. ಅವರಿಗೆ ಆದದ್ದು ಅದೇ.

ಇದನ್ನು ಮೊದಲೇ ತಿಳಿಯಲು ಸಾಧ್ಯವಿತ್ತು. ಡಿಜಿಟಲ್ ಅವಳಿ ಎಂದರೆ ಕಟ್ಟಡಗಳ ಚೆಂದದ ಮೂರು ಆಯಾಮದ ಚಿತ್ರ ಮಾತ್ರ ಎಂದು ತಿಳಿದವರಿದ್ದಾರೆ. ಅಷ್ಟೇ ಆಗಿದ್ದರೆ ನಾನು ಅದರ ಪರ ಬರೆಯುತ್ತಿರಲಿಲ್ಲ. ಪ್ರತಿ ನಿವೇಶನ, ಮರ, ಕೇಬಲ್, ಟ್ರಾನ್ಸ್‌ಫಾರ್ಮರ್‌ಗಳನ್ನು ಗಣಕದಲ್ಲಿ ಇಟ್ಟು, ವರ್ಷದ ಬಿಸಿಲನ್ನು ಗಂಟೆಗಂಟೆಗೂ ಅದರ ಮೇಲೆ ಹಾಯಿಸಿ ನೋಡಬೇಕು. ಬಡಾವಣೆ ನೆಲೆಗೊಂಡ ಮೇಲೆ ನಿಜವಾದ ಮೀಟರುಗಳ ಅಂಕಿಗಳು ಅದಕ್ಕೆ ಬರುತ್ತಲೇ ಇರಬೇಕು. ಹೀಗೆ ಬದುಕಿನ ಜೊತೆ ಬದಲಾಗುವ ಪ್ರತಿರೂಪಕ್ಕೆ ಮಾತ್ರ ಅವಳಿ ಎಂಬ ಹೆಸರು ಒಪ್ಪುತ್ತದೆ. ಫಿನ್ಲೆಂಡಿನ ಹೆಲ್ಸಿಂಕಿ ನಗರ ತನ್ನ ಕಲಸತಮಾ ಪ್ರದೇಶಕ್ಕೆ ಇಂಥದನ್ನು ರೂಪಿಸಿ ಬಿಸಿಲು, ಗಾಳಿಗಳನ್ನು ಪರೀಕ್ಷಿಸಿದೆ. ಅಲ್ಲಿಯವರ ಚಿಂತೆ ಮನೆ ಬೆಚ್ಚಗಿಡುವುದು. ಆ ಖರ್ಚು ಇಲ್ಲದ ನಮಗೆ ಮಿಗತೆ ಸಾಧಿಸುವುದು ಅವರಿಗಿಂತ ಸುಲಭವಾಗಬೇಕು.

ಸುಲಭ ಎಂದೆ, ಆದರೆ ತಾನಾಗಿ ಆಗುವುದಿಲ್ಲ. 30x40 ನಿವೇಶನದ ಮನೆಯನ್ನು ತೆಗೆದುಕೊಳ್ಳಿ. ನೀರಿನ ಟ್ಯಾಂಕು, ಮೆಟ್ಟಿಲಿನ ಕೋಣೆ, ಸೋಲಾರ್ ವಾಟರ್ ಹೀಟರು, ಬಟ್ಟೆ ಒಣಹಾಕುವ ಜಾಗ ಬಿಟ್ಟರೆ ಫಲಕಕ್ಕೆ ಸುಮಾರು 300 ಚದರ ಅಡಿ ಉಳಿದೀತು, ಅಂದರೆ 3 ಕಿಲೋವಾಟ್. ಕಿಲೋವಾಟಿಗೆ ದಿನಕ್ಕೆ 4 ಯೂನಿಟ್ ಹಿಡಿದರೂ ತಿಂಗಳಿಗೆ 360. ಒಂದೇ ಕುಟುಂಬವಿದ್ದು 150 ಯೂನಿಟ್ ಬಳಸಿದರೆ ಮನೆ ಮಿಗತೆಯಲ್ಲಿರುತ್ತದೆ. ಮೈಸೂರಿನಲ್ಲಿ ಸಾಮಾನ್ಯವಾದಂತೆ ಕೆಳಗೆ ಮಾಲೀಕರು, ಮೇಲೆ ಎರಡು ಬಾಡಿಗೆ ಮನೆ ಎಂದಾದರೆ ಅದೇ ತಾರಸಿ 90 ಯೂನಿಟ್ ಕೊರತೆಗೆ ಬೀಳುತ್ತದೆ. ಎಷ್ಟು ನಿವೇಶನಗಳಿಗೆ ಎಷ್ಟು ಅಂತಸ್ತು, ಯಾವ ಶಾಲೆಯ ಅಥವಾ ಸಮುದಾಯ ಭವನದ ಚಾವಣಿ ಆ ಕೊರತೆಯನ್ನು ತುಂಬುತ್ತದೆ ಎಂಬುದನ್ನು ನಕ್ಷೆ ಮಂಜೂರಾಗುವ ಮೊದಲೇ ಲೆಕ್ಕ ಹಾಕಬೇಕು.

ವಿದ್ಯುತ್ ಜಾಲದಲ್ಲಿ ಕೆಲಸ ಮಾಡಿದವನಾಗಿ ನನ್ನನ್ನು ಹೆಚ್ಚು ಕಾಡುವುದು ಟ್ರಾನ್ಸ್‌ಫಾರ್ಮರ್. ನೂರು ಮನೆಗಳು ತಲಾ 3 ಕಿಲೋವಾಟ್ ಹಾಕಿದರೆ ನಡುಹಗಲಿಗೆ 300 ಕಿಲೋವಾಟಿನ ಹತ್ತಿರ ಹುಟ್ಟುತ್ತದೆ. ಆಗ ಮನೆಯವರು ಕಚೇರಿಯಲ್ಲಿ, ಮಕ್ಕಳು ಶಾಲೆಯಲ್ಲಿ. ಬಳಸುವವರಿಲ್ಲದ ವಿದ್ಯುತ್ ತಂತಿಗೆ ಮರಳಿ ಹರಿದು ವೋಲ್ಟೇಜ್ ಏರುತ್ತದೆ. ಮಿತಿ ದಾಟಿದೊಡನೆ, ಫಲಕದ ವಿದ್ಯುತ್ತನ್ನು ಜಾಲಕ್ಕೆ ಹೊಂದುವಂತೆ ಮಾರ್ಪಡಿಸುವ ಇನ್ವರ್ಟರುಗಳು ತಮ್ಮನ್ನು ತಾವೇ ಜಾಲದಿಂದ ಬಿಡಿಸಿಕೊಳ್ಳುತ್ತವೆ. ಬಿಸಿಲು ಚೆನ್ನಾಗಿರುವಾಗಲೇ ಉತ್ಪಾದನೆ ನಿಲ್ಲುತ್ತದೆ. ಕೇಬಲ್ ಹೂಳಿದ ಮೇಲೆ ಇದು ಗೊತ್ತಾದರೆ ರಸ್ತೆ ಅಗೆಯಬೇಕು. ಗಣಕದಲ್ಲಿ ಗೊತ್ತಾದರೆ ಒಂದು ಅಂಕಿ ಬದಲಿಸಿದರೆ ಸಾಕು.

1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಗಣಿಗೆ ತಂತಿ ಎಳೆದ ಸೀಮೆ ನಮ್ಮದು. ಅಂದು ವಿದ್ಯುತ್ತಿಗೆ ಒಂದೇ ದಿಕ್ಕು, ಮೂಲದಿಂದ ಬಳಕೆಗೆ. ಈಗ ಪ್ರತಿ ತಾರಸಿಯೂ ಒಂದು ಪುಟ್ಟ ಶಿವನಸಮುದ್ರ. ಅಂಥ ಊರಿನ ನಕ್ಷೆಯನ್ನು ಸ್ಕೇಲು, ಪೆನ್ಸಿಲಿನಿಂದ ಮಾತ್ರ ಬರೆಯಲಾಗದು. ನಿವೇಶನದ ಹಕ್ಕುಪತ್ರದಲ್ಲಿ ಉದ್ದ ಅಗಲಗಳ ಜೊತೆಗೆ ಆ ತಾರಸಿಗೆ ದಕ್ಕಬೇಕಾದ ಬಿಸಿಲಿನ ಗಂಟೆಗಳನ್ನೂ ನಮೂದಿಸಬೇಕೆಂದು ನಾನು ಕೇಳುತ್ತೇನೆ.

ವಿರೋಧ: ಲೆಕ್ಕದ ಗೆರೆಯನ್ನು ಎಲ್ಲಿ ಎಳೆಯುತ್ತೀರಿ?

ನೆರಳಿನ ಲೆಕ್ಕವನ್ನು ಒಪ್ಪುತ್ತೇನೆ. ಆದರೆ ಅದು ಬಡಾವಣೆಯ ಕಾಂಪೌಂಡಿನ ಒಳಗಿನ ಲೆಕ್ಕ. ಬೆಳಿಗ್ಗೆ ಎಂಟೂವರೆಗೆ ಬೋಗಾದಿ ರಸ್ತೆಯಲ್ಲಿ ನಿಂತು ನೋಡಿ: ಹೊರಗಿನ ಬಡಾವಣೆಗಳಿಂದ ಊರೊಳಗೆ ಹರಿಯುವ ಸ್ಕೂಟರು, ಕಾರುಗಳ ಸಾಲು. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 9 ಯೂನಿಟ್ಟಿನಷ್ಟು ಶಕ್ತಿ ಇರುತ್ತದೆ. ಲೀಟರಿಗೆ 45 ಕಿಲೋಮೀಟರ್ ಓಡುವ ಸ್ಕೂಟರಿನಲ್ಲಿ ದಿನಕ್ಕೆ 20 ಕಿಲೋಮೀಟರ್ ಹೋಗಿ ಬಂದರೆ 4 ಯೂನಿಟ್ ಕರಗುತ್ತದೆ, ಅಂದರೆ 1 ಕಿಲೋವಾಟ್ ಫಲಕದ ಇಡೀ ದಿನದ ದುಡಿಮೆ. ಲೀಟರಿಗೆ 15 ಕಿಲೋಮೀಟರ್ ಕೊಡುವ ಕಾರಾದರೆ 12 ಯೂನಿಟ್. ಆ ಹಿರಿಯರ ತಾರಸಿಯ ಅಷ್ಟೂ ಫಲಕಗಳ ಫಲ ಒಂದು ಕಾರಿಗೆ ಸರಿಹೋಯಿತು. ವಿದ್ಯುತ್ ಸ್ಕೂಟರು ಇದನ್ನು ಒಂದು ಯೂನಿಟ್ಟಿನೊಳಗೆ ಇಳಿಸುತ್ತದೆ ಎಂಬುದು ನಿಜ. ಆದರೆ ಮನೆಗೆ ಮರಳಿ ಅದನ್ನು ಚಾರ್ಜಿಗೆ ಹಾಕುವುದು ಸೂರ್ಯ ಮುಳುಗಿದ ಮೇಲೆ.

ಈ ಓಡಾಟವನ್ನು ಹೊರಗಿಟ್ಟು ಒಂದು ಬಡಾವಣೆ ಮಿಗತೆಯಲ್ಲಿದೆ ಎನ್ನುವುದು, ಅಂಗಡಿಯ ಸಾಲ ಬಿಟ್ಟು ಮನೆಯ ಖರ್ಚು ಬರೆದಂತೆ. ಊರಿನಿಂದ ಹತ್ತು ಕಿಲೋಮೀಟರ್ ಆಚೆ ಬಡಾವಣೆ ಬೇಕೇ ಎಂಬ ಪ್ರಶ್ನೆಯನ್ನು ಅವಳಿ ಕೇಳುವುದೇ ಇಲ್ಲ. ಬಡಾವಣೆ ಬೇಕು ಎಂದು ಯಾರೋ ತೀರ್ಮಾನಿಸಿದ ಮೇಲೆ ಅದರ ಕೆಲಸ ಶುರುವಾಗುತ್ತದೆ. ನನ್ನ ವಿರೋಧದ ಬೇರು ಇರುವುದು ಇಲ್ಲಿ.

ನಾನು ಅಂಥದೊಂದು ಬಡಾವಣೆಯಲ್ಲಿ ಮನೆ ಕಟ್ಟಿಕೊಂಡವಳು. ಹನ್ನೊಂದು ವರ್ಷ ನಮ್ಮ ಸಾಲಿನಲ್ಲಿ ನಮ್ಮದೊಂದೇ ಮನೆ. ಎರಡೂ ಬದಿಯಲ್ಲಿ ಪಾರ್ಥೇನಿಯಂ, ಮಳೆಗಾಲದಲ್ಲಿ ಹಾವು. ಬೀದಿದೀಪಗಳು ಮಾತ್ರ ಸಂಜೆಯಾಗುತ್ತಲೇ ಸಾಲಾಗಿ ಹೊತ್ತಿಕೊಳ್ಳುತ್ತಿದ್ದವು, ಖಾಲಿ ನಿವೇಶನಗಳಿಗೆ. ನಮ್ಮಲ್ಲಿ ನಿವೇಶನವೆಂದರೆ ಮಗಳ ಮದುವೆಗೆ, ಮಗನ ಓದಿಗೆ ಎತ್ತಿಟ್ಟ ಚಿನ್ನದಂತೆ. ಜನ ಅದನ್ನು ಮನೆ ಕಟ್ಟಲೆಂದೇ ಕೊಳ್ಳುವುದಿಲ್ಲ. ಅದಕ್ಕಾಗಿ ಅವರನ್ನು ದೂರಲಾರೆ. ಆದರೆ ಎಲ್ಲ ನಿವೇಶನಗಳೂ ತುಂಬಿದ, ಎಲ್ಲ ತಾರಸಿಗಳೂ ಮಿನುಗುವ ಬಡಾವಣೆಯನ್ನು ಪರದೆಯ ಮೇಲೆ ತೋರಿಸಿ ಟೆಂಡರ್ ಕರೆದರೆ, ಆ ಚಿತ್ರದಿಂದ ಮೊದಲು ಏರುವುದು ನಿವೇಶನದ ಬೆಲೆ.

ಆಂಧ್ರಪ್ರದೇಶದ ಅಮರಾವತಿಯನ್ನು ನೆನೆಯಿರಿ. ಆ ರಾಜಧಾನಿಗೆ ಹುಟ್ಟಿನಿಂದಲೇ ಡಿಜಿಟಲ್ ಅವಳಿ ಇರುತ್ತದೆಂದು ಸಾರಿದ್ದರು. 2019ರಲ್ಲಿ ಸರ್ಕಾರ ಬದಲಾಗಿ ಕಟ್ಟುವ ಕೆಲಸ ವರ್ಷಗಟ್ಟಲೆ ನಿಂತಿತು. ಯಾವ ಅವಳಿಯೂ ಅದನ್ನು ಮುಂಗಾಣಲಿಲ್ಲ.

ಮನೆಯ ಯಜಮಾನರ ಲೆಕ್ಕಾಚಾರವೂ ಅಷ್ಟೇ. 2023ರಿಂದ ಗೃಹಜ್ಯೋತಿಯಲ್ಲಿ, ಹಿಂದಿನ ಸರಾಸರಿಯ ಮಿತಿಗೆ ಒಳಪಟ್ಟು, 200 ಯೂನಿಟ್‌ವರೆಗೆ ಉಚಿತ. ಬಡ ಮನೆಗಳಿಗೆ ಅದು ದೊಡ್ಡ ಆಸರೆ. ಅದನ್ನು ಕಸಿಯಬೇಕೆಂದು ನಾನು ಹೇಳುತ್ತಿಲ್ಲ. ಆದರೆ ಬಿಲ್ಲೇ ಬರದ ಮನೆಯವರು, 2024ರಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆ 3 ಕಿಲೋವಾಟಿಗೆ 78,000 ರೂಪಾಯಿ ಸಹಾಯಧನ ಕೊಟ್ಟರೂ, ಉಳಿದ ಹಣವನ್ನು ಕೈಯಿಂದ ಹಾಕಿ ಫಲಕವನ್ನೇಕೆ ಕೂರಿಸುತ್ತಾರೆ? ತಾರಸಿಗೆ ಬೀಳುವ ಬಿಸಿಲನ್ನು ಅಳೆಯಬಹುದು, ಮನೆಯವರ ಮನಸ್ಸನ್ನಲ್ಲ.

ಇನ್ನೊಂದು ಆತಂಕವಿದೆ. ಅವಳಿ ಜೀವಂತವಾಗಿರಲು ಪ್ರತಿ ಮನೆಯ ಮೀಟರಿನ ಅಂಕಿ ಬೇಕು. ಯಾರ ಮನೆಗೆ ಬೀಗ ಬಿದ್ದಿದೆ ಎಂಬುದನ್ನೂ ಅದೇ ಅಂಕಿ ಹೇಳುತ್ತದೆ. ಅದನ್ನು ಯಾರು ಕಾಯುತ್ತಾರೆ ಎಂದು ತೀರ್ಮಾನವಾಗದೆ ನನ್ನ ಮನೆಯ ಅಂಕಿಯನ್ನು ಕೊಡಲಾರೆ.

ತಂತ್ರಜ್ಞಾನವೇ ಬೇಡ ಎಂಬ ಹಟ ನನಗಿಲ್ಲ. ಆದರೆ ಖಾಲಿ ಹೊಲದ ಅವಳಿ ಬೇಡ, ಇರುವ ಊರಿನದು ಮಾಡಿ. ಕುವೆಂಪುನಗರ, ಸರಸ್ವತಿಪುರಂಗಳಲ್ಲಿ ಮನೆಗಳಿವೆ, ತಾರಸಿಗಳಿವೆ, ನಡೆದು ಹೋಗುವಷ್ಟು ದೂರದಲ್ಲಿ ಶಾಲೆ, ಅಂಗಡಿ, ಬಸ್ ನಿಲ್ದಾಣಗಳಿವೆ. ಅಲ್ಲಿಯ ಒಂದೇ ಒಂದು ಟ್ರಾನ್ಸ್‌ಫಾರ್ಮರ್ ಆರಿಸಿಕೊಳ್ಳಿ. ಅದರ ಕೆಳಗಿನ ಮನೆಗಳವರನ್ನು ಒಂದು ಭಾನುವಾರ ಉದ್ಯಾನದಲ್ಲಿ ಸೇರಿಸಿ, ಒಪ್ಪಿಗೆ ಕೊಟ್ಟವರ ಮೀಟರ್ ಅಂಕಿಗಳನ್ನು ಮಾತ್ರ ಪಡೆದು ಎರಡು ಬೇಸಿಗೆ, ಎರಡು ಮಳೆಗಾಲ ನೋಡಿ. ಆ ಲೆಕ್ಕ ನಿಜದೊಂದಿಗೆ ತಾಳೆಯಾದರೆ, ರಿಂಗ್ ರಸ್ತೆಯಾಚೆಯ ಮಾತಿಗೆ ನಾನೂ ಬಂದು ಕೂರುತ್ತೇನೆ.