ಬಿಪಿ, ಶುಗರ್ ನೋಡಿದಿರಿ. ತೂಕ, ಉಸಿರು ಯಾರು ನೋಡುತ್ತಾರೆ?

ನಮ್ಮ ಮುಂಬೈಯ ಕನ್ನಡ ಸಂಘಗಳು ನಡೆಸುವ ಉಚಿತ ವೈದ್ಯಕೀಯ ಶಿಬಿರಗಳ ಬಗ್ಗೆ ಒಂದು ಮಾತು ಹೇಳಬೇಕಿದೆ. ಅವನ್ನು ನಡೆಸುವವರ ಮೇಲೆ ನನಗೆ ತುಂಬಾ ಗೌರವ ಇದೆ. ಭಾನುವಾರದ ರಜೆ ಬಿಟ್ಟು, ಹಾಲ್ ಹಿಡಿದು, ಡಾಕ್ಟರುಗಳನ್ನು ಒಪ್ಪಿಸಿ, ಹಿರಿಯರನ್ನು ಕೈಹಿಡಿದು ಕೂರಿಸಿ, ಚಾ-ತಿಂಡಿ ಕೊಟ್ಟು ಕಳಿಸುವುದು ಸಣ್ಣ ಕೆಲಸ ಅಲ್ಲ. ಆದರೆ ಅಲ್ಲಿ ನೋಡುವುದೇನು? ಬಿಪಿ, ಶುಗರ್, ಕಣ್ಣು, ಕೆಲವು ಕಡೆ ಇಸಿಜಿ. ಹೊರಡುವಾಗ ಕೈಗೊಂದು ಚೀಟಿ. ಉಪ್ಪು ಕಡಿಮೆ ಮಾಡಿ, ಎಣ್ಣೆ ಬೇಡ, ಅನ್ನ ಕಡಿಮೆ ಮಾಡಿ, ಬೆಳಿಗ್ಗೆ ಬೇಗ ಎದ್ದು ವಾಕಿಂಗ್ ಹೋಗಿ. ಎಂಬತ್ತು ಕೆ.ಜಿ. ತೂಗುವವರಿಗೂ ಇದೇ ಚೀಟಿ, ನಲವತ್ತಕ್ಕೆ ಇಳಿದ ಅಜ್ಜಿಗೂ ಇದೇ ಚೀಟಿ.

ದಿನಕ್ಕೆ ಏನು ತಿನ್ನುತ್ತೀರಿ ಅಂತ ಯಾರೂ ಕೇಳುವುದಿಲ್ಲ. ಇಷ್ಟು ವರ್ಷ ಯಾವ ಗಾಳಿಯಲ್ಲಿ ಬದುಕಿದಿರಿ ಅಂತಲೂ ಕೇಳುವುದಿಲ್ಲ. ವಯಸ್ಸಾದವರಿಗೆ ಈ ಎರಡೂ ಪ್ರಶ್ನೆಯನ್ನು ಒಟ್ಟಿಗೇ ಕೇಳಬೇಕು ಅನ್ನುವುದು ನನ್ನ ವಾದ. ಹೊಟ್ಟೆಗೆ ಸರಿಯಾಗಿ ಬೀಳದ ಮೈ ಕೆಟ್ಟ ಗಾಳಿಯನ್ನು ತಡೆದುಕೊಳ್ಳುವುದಿಲ್ಲ. ಕೆಟ್ಟ ಗಾಳಿಗೆ ಸೋತ ಶ್ವಾಸಕೋಶ ನೆಮ್ಮದಿಯಾಗಿ ಊಟ ಮಾಡಲೂ ಬಿಡುವುದಿಲ್ಲ.

ಇದು ಎಲ್ಲರಿಗಿಂತ ಜಾಸ್ತಿ ತಟ್ಟಿರುವುದು ನಮ್ಮ ಹೋಟೆಲ್ ತಲೆಮಾರಿಗೆ. ಐವತ್ತು-ಅರವತ್ತರ ದಶಕದಲ್ಲಿ ಉಡುಪಿ, ಕುಂದಾಪುರ, ಕಾರ್ಕಳ ಕಡೆಯಿಂದ ಇನ್ನೂ ಮೀಸೆ ಮೂಡದ ಹುಡುಗರು ಈ ಊರಿಗೆ ಬಂದರು. ಕಪ್ಪು-ಬಶಿ ತೊಳೆದರು, ರಾತ್ರಿ ಶಾಲೆಗೆ ಹೋದರು, ಗಿರಾಕಿಗಳೆಲ್ಲ ಹೋದ ಮೇಲೆ ಟೇಬಲ್ ಜೋಡಿಸಿ ಅದರ ಮೇಲೆ ಮಲಗಿದರು. ಸ್ವಲ್ಪ ದೊಡ್ಡವರಾದ ಮೇಲೆ ಭಟ್ಟಿಯ ಮುಂದೆ ನಿಂತರು. ಕಲ್ಲಿದ್ದಲು, ಸೌದೆ, ಸೀಮೆಎಣ್ಣೆ. ಕಿಟಕಿಯೇ ಇಲ್ಲದ ಅಡುಗೆಮನೆ. ಬೆಳಗಿನ ಇಡ್ಲಿ ಹಬೆಯಿಂದ ಹಿಡಿದು ರಾತ್ರಿಯ ಒಗ್ಗರಣೆ ಘಾಟಿನವರೆಗೆ ಅಲ್ಲೇ. ಅವರು ದುಡಿದದ್ದರಿಂದ ಊರಿನಲ್ಲಿ ತಂಗಿಯರ ಮದುವೆ ಆಯಿತು, ಮನೆಗೆ ಹೆಂಚು ಬಂತು, ನಮ್ಮಂಥವರು ಕಾಲೇಜು ಮೆಟ್ಟಿಲು ಹತ್ತಿದೆವು. ಈಗ ಅವರಿಗೆಲ್ಲ ಎಪ್ಪತ್ತು, ಎಂಬತ್ತು. ಎಷ್ಟೋ ಜನರಿಗೆ ದಮ್ಮು.

"ಬೀಡಿ-ಸಿಗರೇಟು ಇತ್ತಾ?" ಡಾಕ್ಟರು ಕೇಳುವ ಮೊದಲ ಪ್ರಶ್ನೆ ಇದು. ಇಲ್ಲ ಅಂದರೆ ಅಲ್ಲಿಗೇ ಮಾತು ನಿಲ್ಲುತ್ತದೆ. ಆದರೆ 2009ರಲ್ಲೇ ಪುಣೆಯ ಚೆಸ್ಟ್ ರಿಸರ್ಚ್ ಫೌಂಡೇಶನ್ನಿನ ಡಾ. ಸಂದೀಪ್ ಸಾಳ್ವಿ ಮತ್ತು ಲಂಡನ್ನಿನ ಪೀಟರ್ ಬಾರ್ನ್ಸ್ ಸೇರಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇದನ್ನು ಬಿಡಿಸಿ ಹೇಳಿದ್ದಾರೆ. ಸಿಒಪಿಡಿ, ಅಂದರೆ ಶ್ವಾಸನಾಳ ಬಿಗಿದು ಮತ್ತೆ ಪೂರ್ತಿ ಸಡಿಲವಾಗದ ಕಾಯಿಲೆ, ಇರುವವರಲ್ಲಿ ನೂರಕ್ಕೆ 25ರಿಂದ 45 ಮಂದಿ ಯಾವತ್ತೂ ಧೂಮಪಾನ ಮಾಡಿದವರಲ್ಲ. ಒಲೆಯ ಹೊಗೆ, ಕೆಲಸದ ಜಾಗದ ಧೂಳು-ಹೊಗೆ, ಹಿಂದೆ ಬಂದು ಹೋದ ಟಿಬಿ, ಊರಿನ ಕೆಟ್ಟ ಗಾಳಿ, ಎಲ್ಲವೂ ಕಾರಣಗಳ ಪಟ್ಟಿಯಲ್ಲಿವೆ. ನಮ್ಮ ಭಟ್ಟಿ ಮುಂದಿನ ಹುಡುಗರ ಕತೆಯೇ ಅದು. 2025ರ ಜನವರಿಯಲ್ಲಿ ಬಾಂಬೆ ಹೈಕೋರ್ಟು ಸೌದೆ-ಕಲ್ಲಿದ್ದಲು ಉರಿಸುವ ಬೇಕರಿಗಳು ಆರು ತಿಂಗಳಲ್ಲಿ ಗ್ಯಾಸ್ ಅಥವಾ ಬೇರೆ ಶುದ್ಧ ಇಂಧನಕ್ಕೆ ಬದಲಾಗಬೇಕು ಅಂದಿತು. ಒಳ್ಳೆಯದೇ. ಆದರೆ ಆ ಹೊಗೆಯನ್ನು ಬರೀ ಒಂದು ಗೇಣು ದೂರದಿಂದ ಕುಡಿದವರ ಲೆಕ್ಕ ಇಟ್ಟವರು ಯಾರು?

ನನ್ನ ದೊಡ್ಡಪ್ಪನನ್ನೇ ನೋಡಿ. ಮನೆ ಚೆಂಬೂರಿನಲ್ಲಿ. ಒಂದು ಕಡೆ ಮಾಹುಲ್‌ನ ರಿಫೈನರಿಗಳು, ಇನ್ನೊಂದು ಕಡೆ ದೇವನಾರದ ಕಸದ ಗುಡ್ಡ. 2016ರ ಜನವರಿಯಲ್ಲಿ ಆ ಗುಡ್ಡಕ್ಕೆ ಬೆಂಕಿ ಬಿದ್ದು ದಿನಗಟ್ಟಲೆ ಉರಿದದ್ದು ನೆನಪಿದೆ ಅಲ್ವಾ? ಬೀಡಿ ಮುಟ್ಟಿದವರಲ್ಲ ಅವರು. ಈಗ ಊಟಕ್ಕೆ ಕೂತರೆ ಎರಡು ತುತ್ತು ತಿಂದು ಕೈ ನಿಲ್ಲಿಸುತ್ತಾರೆ. ಎಡಗೈಯಲ್ಲಿ ಟೇಬಲ್ ಅಂಚು ಹಿಡಿದು, ತುಟಿ ಸಣ್ಣಗೆ ಮಾಡಿ ಉಸಿರು ಬಿಡುತ್ತಾರೆ. ಆಮೇಲೆ ಇನ್ನೊಂದು ತುತ್ತು. ಅಷ್ಟರಲ್ಲಿ ಅನ್ನ ತಣ್ಣಗಾಗುತ್ತದೆ. "ಸಾಕು ಮಗಾ" ಅಂತ ತಟ್ಟೆ ಸರಿಸುತ್ತಾರೆ. ಅವರ ಹಳೆಯ ಎಚ್‌ಎಂಟಿ ವಾಚಿನ ಬೆಲ್ಟಿಗೆ ಮೊಳೆಯಲ್ಲಿ ಹೊಸ ತೂತು ಹೊಡೆದಿದ್ದಾರೆ. ಆದರೂ ಅದು ಮಣಿಕಟ್ಟಿನಲ್ಲಿ ನಿಲ್ಲುವುದಿಲ್ಲ, ಮೊಣಕೈ ಕಡೆಗೆ ಜಾರುತ್ತದೆ. ದೊಡ್ಡಮ್ಮ ಹೇಳುವುದು, "ವಯಸ್ಸಾಯ್ತಲ್ಲ, ಅವರಿಗೆ ಇನ್ನೆಷ್ಟು ಬೇಕು?"

ಜಾಸ್ತಿಯೇ ಬೇಕು. ಇದು ನಮ್ಮ ಮನೆಗಳಲ್ಲಿ ಯಾರಿಗೂ ಗೊತ್ತಿಲ್ಲದ ಸಂಗತಿ. ಶ್ವಾಸಕೋಶ ಸೋತವರಿಗೆ ಸುಮ್ನೆ ಕೂತು ಉಸಿರಾಡಲೂ ಬೇರೆಯವರಿಗಿಂತ ಹೆಚ್ಚು ಶಕ್ತಿ ಖರ್ಚಾಗುತ್ತದೆ. ಉಸಿರೆಳೆಯುವುದು ಸ್ನಾಯುಗಳ ಕೆಲಸ, ಕೆಮ್ಮಿ ಕಫ ಹೊರಗೆ ಹಾಕುವುದೂ ಸ್ನಾಯುಗಳ ಕೆಲಸ. ಊಟ ಕಡಿಮೆಯಾದಾಗ ಕೈಕಾಲಿನ ಸ್ನಾಯು ಕರಗಿದ ಹಾಗೆ ಇವೂ ಕರಗುತ್ತವೆ. ಆಗ ಸಣ್ಣ ನೆಗಡಿಯೂ ನ್ಯುಮೋನಿಯಾ ಆಗಿ ಕೂರುತ್ತದೆ. ಸಿಒಪಿಡಿ ಇದ್ದು ತೂಕ ತೀರಾ ಇಳಿದವರು ಬೇಗ ಸಾಯುತ್ತಾರೆ ಅನ್ನುವುದು ಎಷ್ಟೋ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡ ವಿಷಯ. ಹಾಗೆ ಸೊರಗಿದವರಿಗೆ ಪೌಷ್ಟಿಕ ಆಹಾರ ಹೆಚ್ಚಿಸಿ ಕೊಟ್ಟರೆ ತೂಕ ಮೇಲೆ ಬರುತ್ತದೆ ಅನ್ನುವುದನ್ನೂ ಪರೀಕ್ಷಿಸಿ ನೋಡಿದ್ದಾರೆ.

ಇದು ಒಂದು ಮನೆಯ ಕತೆಯೂ ಅಲ್ಲ. ದೇಶದ ಹಿರಿಯರ ಬಗ್ಗೆ ನಡೆದ ಅತಿ ದೊಡ್ಡ ಸಮೀಕ್ಷೆ ಲಾಸಿ. ಅದನ್ನು ನಡೆಸಿದ್ದು ಇದೇ ದೇವನಾರದಲ್ಲಿರುವ ಅಂತಾರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆ. 2017-18ರ ಮೊದಲ ಸುತ್ತಿನಲ್ಲಿ 45 ದಾಟಿದ ಸುಮಾರು 72 ಸಾವಿರ ಜನರನ್ನು ಮಾತಾಡಿಸಿ, ತೂಕ ನೋಡಿ, ಕೈಹಿಡಿತದ ಬಲ ಅಳೆದು, ಉಸಿರು ಊದಿಸಿ ನೋಡಿದರು. 60 ದಾಟಿದವರಲ್ಲಿ ನೂರಕ್ಕೆ ಸುಮಾರು 27 ಜನರ ತೂಕ ಇರಬೇಕಾದ್ದಕ್ಕಿಂತ ಕಡಿಮೆ. ಬೊಜ್ಜಿನ ಬಗ್ಗೆ ಇಷ್ಟೊಂದು ಮಾತಾಡುವ ನಾವು ಈ ಸೊರಗುವಿಕೆಯ ಬಗ್ಗೆ ಬಾಯಿ ಬಿಡುವುದೇ ಇಲ್ಲ.

ಐವತ್ತು ಕೆ.ಜಿ. ತೂಗುವ ಒಬ್ಬ ಅಜ್ಜಿಯ ಲೆಕ್ಕ ಹಾಕೋಣ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಪ್ರಕಾರ ವಯಸ್ಕರಿಗೆ ದಿನಕ್ಕೆ ಕೆ.ಜಿ. ತೂಕಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. ವಯಸ್ಸಾದವರ ಸ್ನಾಯು ಅಷ್ಟೇ ಪ್ರೋಟೀನಿಗೆ ಮೊದಲಿನಷ್ಟು ಬೆಳೆಯುವುದಿಲ್ಲ. ಅದಕ್ಕೇ 2013ರಲ್ಲಿ ವೃದ್ಧಾಪ್ಯ ತಜ್ಞರ ಒಂದು ಅಂತಾರಾಷ್ಟ್ರೀಯ ಗುಂಪು 65 ದಾಟಿದವರಿಗೆ 1ರಿಂದ 1.2 ಗ್ರಾಂ ಬೇಕು ಅಂದಿತು. ಅಜ್ಜಿಗೆ 50ರಿಂದ 60 ಗ್ರಾಂ ಆಯಿತು. ಅವರು ತಿನ್ನುವುದು? ಬೆಳಿಗ್ಗೆ ಚಾ-ಖಾರಿ, ಮಧ್ಯಾಹ್ನ ಅನ್ನ ಮತ್ತು ನೀರು ಸಾರು, ರಾತ್ರಿ ಗಂಜಿ-ಉಪ್ಪಿನಕಾಯಿ. ಎಲ್ಲ ಸೇರಿ ಇಪ್ಪತ್ತು ಗ್ರಾಂ ಆದರೆ ದೊಡ್ಡದು. ಸಾರಿನ ತಳದಲ್ಲಿ ಬೇಳೆ ನಿಂತಿರುತ್ತದೆ, ಮೇಲಿನ ತಿಳಿ ಅಜ್ಜಿಗೆ. ಅದರ ಮೇಲೆ ಶಿಬಿರದ ಚೀಟಿ ಬೇರೆ: ಕಡಿಮೆ ತಿನ್ನಿ. ಮೂತ್ರಪಿಂಡದ ತೊಂದರೆ ಇದ್ದವರು ಡಾಕ್ಟರನ್ನು ಕೇಳದೆ ಪ್ರೋಟೀನ್ ಏರಿಸಬಾರದು, ಅದು ನಿಜ. ಉಳಿದವರಿಗೆ ಒಂದು ಮೊಟ್ಟೆ, ಒಂದು ಲೋಟ ಹಾಲು, ಗಟ್ಟಿ ತೊವ್ವೆ, ಮೊಸರು ಕೊಡಲು ನಮಗೆ ಏನು ಕಷ್ಟ? ದಮ್ಮು ಇದ್ದವರಿಗೆ ಮೂರು ದೊಡ್ಡ ಊಟದ ಬದಲು ಐದಾರು ಸಣ್ಣ ಊಟ. ತಿನ್ನುವ ಮೊದಲು ಸ್ವಲ್ಪ ಹೊತ್ತು ಸುಮ್ನೆ ಕೂರಲಿ. ಮೆತ್ತಗೆ ಬೇಯಿಸಿ, ಒಂದು ಚಮಚ ತುಪ್ಪ ಹಾಕಿ. ಸೊರಗಿದವರಿಗೆ ಎಣ್ಣೆ-ತುಪ್ಪದ ಹೆದರಿಕೆ ಹಾಕಬೇಡಿ.

ಇನ್ನು ಮೀನು. ಈ ವಿಷಯ ಓದಿದಾಗ ನನಗೆ ನಿಜಕ್ಕೂ ಖುಷಿಯಾಯಿತು. ಮೆಕ್ಸಿಕೋ ಸಿಟಿಯ ಒಂದು ವೃದ್ಧಾಶ್ರಮದಲ್ಲಿ ಸಂಶೋಧಕರು ಒಂದು ಗುಂಪಿಗೆ ದಿನಕ್ಕೆ 2 ಗ್ರಾಂ ಮೀನೆಣ್ಣೆ, ಇನ್ನೊಂದು ಗುಂಪಿಗೆ ಸೋಯಾ ಎಣ್ಣೆ ಕೊಟ್ಟರು. ಫಲಿತಾಂಶ 2005ರಲ್ಲಿ ಪ್ರಕಟವಾಯಿತು. ಗಾಳಿಯಲ್ಲಿ ಪಿಎಂ 2.5, ಅಂದರೆ ಶ್ವಾಸಕೋಶದ ಆಳಕ್ಕೆ ಇಳಿಯುವಷ್ಟು ಸಣ್ಣ ಕಣಗಳು ಹೆಚ್ಚಾದ ದಿನ ಹೃದಯ ಬಡಿತದ ಸಹಜ ಏರಿಳಿತ ಕುಗ್ಗುತ್ತದೆ. ಹೃದಯಕ್ಕೆ ಅದು ಒಳ್ಳೆಯ ಲಕ್ಷಣ ಅಲ್ಲ. ಮೀನೆಣ್ಣೆ ತಗೊಂಡವರಲ್ಲಿ ಆ ಕುಗ್ಗುವಿಕೆಗೆ ತಡೆ ಬಿತ್ತು. 2020ರಲ್ಲಿ ಅಮೆರಿಕದ 1,300ಕ್ಕೂ ಹೆಚ್ಚು ಹಿರಿಯ ಮಹಿಳೆಯರ ಮೆದುಳಿನ ಸ್ಕ್ಯಾನ್ ನೋಡಿದ ಇನ್ನೊಂದು ಅಧ್ಯಯನ ಬಂತು. ರಕ್ತದಲ್ಲಿ ಒಮೆಗಾ-3 (ಮೀನೆಣ್ಣೆಯಲ್ಲಿರುವ ಒಳ್ಳೆಯ ಕೊಬ್ಬು) ಕಡಿಮೆ ಇದ್ದವರಲ್ಲಿ, ಕೆಟ್ಟ ಗಾಳಿ ಇರುವ ಕಡೆ ಬದುಕಿದಷ್ಟೂ ಮೆದುಳಿನ ಬಿಳಿ ಭಾಗ ಸಣ್ಣದಾಗಿತ್ತು. ಒಮೆಗಾ-3 ಚೆನ್ನಾಗಿದ್ದವರಲ್ಲಿ ಹಾಗೆ ಕಾಣಲಿಲ್ಲ.

ಒಮೆಗಾ-3 ತುಂಬಿರುವುದು ಯಾವುದರಲ್ಲಿ? ನಮ್ಮ ಬಂಗುಡೆ, ಭೂತಾಯಿಯಲ್ಲಿ. ಇಲ್ಲಿಯ ಮಾರ್ಕೆಟ್ಟಿನಲ್ಲಿ ಬಾಂಗಡಾ, ತಾರ್ಲಿ ಅಂತ ಕೇಳಿದರೆ ಕೊಡುತ್ತಾರೆ. ಪಾಪ್ಲೆಟ್, ಸುರಮಯಿಗಿಂತ ಎಷ್ಟೋ ಅಗ್ಗ. ಹುಟ್ಟಿದಾಗಿನಿಂದ ಇದನ್ನೇ ತಿಂದು ಬೆಳೆದ ಹಿರಿಯರು ಹಲ್ಲು ಹೋಯಿತು, ಮುಳ್ಳು ಬಿಡಿಸಲು ಆಗುವುದಿಲ್ಲ ಅಂತ ಮೀನು ಬಿಟ್ಟಿರುತ್ತಾರೆ. ಪಕ್ಕದಲ್ಲಿ ಕೂತು ಮುಳ್ಳು ಬಿಡಿಸಿ ಕೊಡುವುದು ಐದು ನಿಮಿಷದ ಕೆಲಸ. ಮೀನು ತಿನ್ನದವರಿಗೆ ಉತ್ತರ ಕರ್ನಾಟಕದ ಅಗಸಿ ಚಟ್ನಿ ಇದೆ. ಅಗಸೆಯ ಒಮೆಗಾ-3 ಬೇರೆ ತರಹದ್ದು, ನಮ್ಮ ಮೈ ಅದರಲ್ಲಿ ಸ್ವಲ್ಪವನ್ನಷ್ಟೇ ಮೀನಿನ ತರಹಕ್ಕೆ ಬದಲಾಯಿಸಿಕೊಳ್ಳುತ್ತದೆ. ಆದರೂ ಇರಲಿ, ಒಳ್ಳೆಯ ಪದಾರ್ಥ. ಮಾತ್ರೆ ರೂಪದ ಮೀನೆಣ್ಣೆಯನ್ನು ಮಾತ್ರ, ರಕ್ತ ತೆಳುವಾಗುವ ಔಷಧಿ ತಿನ್ನುವವರು ಕೇಳದೆ ಶುರು ಮಾಡಬೇಡಿ.

ಇಲ್ಲಿ ಒಂದು ಮಾತು ಒತ್ತಿ ಹೇಳುತ್ತೇನೆ. ಬಂಗುಡೆ ತಿಂದರೆ ಹೊಗೆ ಏನೂ ಮಾಡುವುದಿಲ್ಲ ಅಂತ ಈ ಅಧ್ಯಯನಗಳು ಹೇಳಿಲ್ಲ. ಕೆಲವು ಬಹಳ ಸಣ್ಣವು. ಬಿ ವಿಟಮಿನ್ನುಗಳು ಪಿಎಂ 2.5 ಹಾನಿಯನ್ನು ತಗ್ಗಿಸುತ್ತವೆ ಅಂತ 2017ರಲ್ಲಿ ಸುದ್ದಿಯಾದ ಪ್ರಯೋಗದಲ್ಲಿ ಇದ್ದದ್ದು ಹತ್ತೇ ಜನ. ಇದನ್ನು ಹಿಡಿದುಕೊಂಡು ಮಾತ್ರೆ ಮಾರುವವರು ಬರುತ್ತಾರೆ, ನಂಬಬೇಡಿ. ಪಿಎಂ 2.5ರ ವಾರ್ಷಿಕ ಸರಾಸರಿ ಒಂದು ಘನ ಮೀಟರ್ ಗಾಳಿಗೆ 5 ಮೈಕ್ರೋಗ್ರಾಂ ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದೆ. ನಮ್ಮ ದೇಶದ ಮಿತಿ ಈಗಲೂ 40. ಆ ಅಂತರ ತುಂಬುವುದು ಸರ್ಕಾರದ, ಪಾಲಿಕೆಯ, ಬಿಲ್ಡರುಗಳ, ಕಾರ್ಖಾನೆಗಳ ಕೆಲಸ. ಅಜ್ಜಿಯ ತಟ್ಟೆಯ ಮೇಲೆ ಆ ಭಾರ ಹೊರಿಸುವುದು ಅನ್ಯಾಯ.

ಆದರೆ ಗಾಳಿ ಸರಿಹೋಗುವವರೆಗೆ ನಮ್ಮ ಕೈಯಲ್ಲಿರುವುದನ್ನಾದರೂ ಮಾಡಬೇಕಲ್ವಾ? ಬೆಳಗಿನ ಆರು ಗಂಟೆಯ ವಾಕಿಂಗನ್ನೇ ತಗೊಳ್ಳಿ. ನವೆಂಬರಿನಿಂದ ಫೆಬ್ರವರಿವರೆಗೆ ಮುಂಬೈಯಲ್ಲಿ ಗಾಳಿ ಬೀಸುವುದು ನಿಧಾನ, ಬೆಳಗಿನ ತಂಪಿಗೆ ಹೊಗೆ-ಧೂಳು ನೆಲದ ಹತ್ತಿರವೇ ನಿಲ್ಲುತ್ತದೆ. ಆ ಹೊತ್ತಿನಲ್ಲಿ ದಮ್ಮು ಇರುವವರನ್ನು ಹೈವೇ ಪಕ್ಕ ನಡೆಸುವುದು ಯಾವ ಆರೋಗ್ಯ? ಅಷ್ಟು ಬೆಳಿಗ್ಗೆ ವಿಟಮಿನ್ ಡಿ ಕೂಡ ಸಿಗುವುದಿಲ್ಲ, ಅದಕ್ಕೆ ಹತ್ತರ ಮೇಲಿನ ಬಿಸಿಲೇ ಬೇಕು. ಕೆಟ್ಟ ಗಾಳಿ ಆ ಬಿಸಿಲಿನ ಸತ್ವವನ್ನೂ ತಡೆಯುತ್ತದೆ. ದೆಹಲಿಯಲ್ಲಿ ಮಾಲಿನ್ಯ ಜಾಸ್ತಿ ಇರುವ ಬಡಾವಣೆಯ ಮಕ್ಕಳಲ್ಲಿ ವಿಟಮಿನ್ ಡಿ ಕಡಿಮೆ ಇದ್ದದ್ದನ್ನು 2002ರಲ್ಲೇ ತೋರಿಸಿದ್ದಾರೆ. ಚಳಿಗಾಲದಲ್ಲಿ ಹತ್ತು ಗಂಟೆಯ ಮೇಲೆ, ಸೊಸೈಟಿಯ ಒಳಗೇ ನಡೆಯಲಿ. ಗಾಳಿ ಎಷ್ಟು ಕೆಟ್ಟಿದೆ ಅಂತ ತೋರಿಸುವ ಸಮೀರ್ ಆ್ಯಪ್ ನೋಡಿ ಹೊರಡಲಿ. ಮನೆಯೊಳಗೆ ಸೊಳ್ಳೆ ಬತ್ತಿ ಹಚ್ಚಬೇಡಿ. ಒಂದು ಬತ್ತಿಯಿಂದ ಬರುವ ಸಣ್ಣ ಕಣಗಳು 75ರಿಂದ 137 ಸಿಗರೇಟಿಗೆ ಸಮ ಅಂತ 2003ರಲ್ಲೇ ಅಳೆದಿದ್ದಾರೆ. ಸೊಳ್ಳೆ ಪರದೆ ಕಟ್ಟಿ.

ಶಿಬಿರಗಳಿಗೆ ನನ್ನ ಬೇಡಿಕೆ ದೊಡ್ಡದಲ್ಲ. ತೂಕ ನೋಡಿ, ಕಳೆದ ವರ್ಷದ ತೂಕ ಎಷ್ಟಿತ್ತು ಅಂತ ಕೇಳಿ. ದರ್ಜಿಯ ಟೇಪು ಹಿಡಿದು ಮೀನಖಂಡದ, ಅಂದರೆ ಮೊಣಕಾಲಿನ ಕೆಳಗೆ ಕಾಲಿನ ಹಿಂಬದಿಯ ದಪ್ಪ ಭಾಗದ, ಸುತ್ತಳತೆ ನೋಡಿ. ಗಂಡಸರಿಗೆ 34, ಹೆಂಗಸರಿಗೆ 33 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ಸ್ನಾಯು ಕರಗಿರುವ ಸಂಶಯ ಪಡಬೇಕು ಅಂತ ಏಷ್ಯಾದ ತಜ್ಞರು 2019ರಲ್ಲಿ ಹೇಳಿದ್ದಾರೆ. ಕೈ ಕಟ್ಟಿಕೊಂಡು ಕುರ್ಚಿಯಿಂದ ಐದು ಸಲ ಎದ್ದು ಕೂರಲು ಹೇಳಿ; 12 ಸೆಕೆಂಡು ಅಥವಾ ಅದಕ್ಕಿಂತ ಜಾಸ್ತಿ ಹಿಡಿದರೆ ಬರೆದುಕೊಳ್ಳಿ. ನಿನ್ನೆ ಏನೇನು ತಿಂದಿರಿ ಅಂತ ಕೇಳಿ. ಭಟ್ಟಿ ಮುಂದೆ ಎಷ್ಟು ವರ್ಷ ನಿಂತಿದ್ದಿರಿ ಅಂತಲೂ ಕೇಳಿ. ದಮ್ಮು ಅಂದವರಿಗೆ ಸ್ಪೈರೋಮೀಟರ್, ಅಂದರೆ ಉಸಿರು ಅಳೆಯುವ ಯಂತ್ರ, ಊದಿಸಿ. ಚೀಟಿಯಲ್ಲಿ ಏನು ಬಿಡಬೇಕು ಅನ್ನುವುದರ ಜೊತೆಗೆ ಏನು ತಿನ್ನಬೇಕು ಅಂತಲೂ ಬರೆದು ಕೊಡಿ, ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ.

ಚೆಂಬೂರು, ಘಾಟ್ಕೋಪರ್, ಮುಲುಂಡ್, ಡೊಂಬಿವಿಲಿ ಕಡೆ ಶಿಬಿರ ನಡೆಸುವವರು ಯಾರಾದರೂ ಇದನ್ನು ಓದುತ್ತಿದ್ದರೆ ಕೆಳಗೆ ಬರೆಯಿರಿ. ತೂಕದ ಯಂತ್ರ, ಟೇಪು ನಾನು ತರುತ್ತೇನೆ, ಬರೆದುಕೊಳ್ಳಲು ಕೂರುತ್ತೇನೆ. ಸ್ಪೈರೋಮೀಟರ್ ಸರಿಯಾಗಿ ಊದಿಸಲು ಗೊತ್ತಿರುವ ಒಬ್ಬ ಟೆಕ್ನೀಶಿಯನ್ ಬೇಕು. ಯಾರಿಗಾದರೂ ಪರಿಚಯ ಇದ್ದರೆ ದಯವಿಟ್ಟು ತಿಳಿಸಿ.