ಮೊದಲು ಹತ್ತಿದವರು ಯಾರು?

ಮಧುಗಿರಿ ಬೆಟ್ಟವನ್ನು ಮೊಟ್ಟಮೊದಲು ಹತ್ತಿದ್ದು ಯಾರು ಅಂತ ಊರಲ್ಲಿ ಕೇಳಿ ನೋಡಿ, ನಿಮ್ಮನ್ನೇ ಒಂಥರಾ ನೋಡುತ್ತಾರೆ. ಯಾರೋ ಹತ್ತಿರುತ್ತಾರೆ ಬಿಡಿ, ಅದೇನು ಲೆಕ್ಕ ಇಡೋ ವಿಷಯವಾ?

ಇಡೀ ಬೆಟ್ಟ ಒಂದೇ ಬಂಡೆ. ಮೇಲೆ ಹೋದ ಹಾಗೆ ಬಂಡೆಯಲ್ಲೇ ಕೊರೆದ ಪುಟ್ಟ ಮೆಟ್ಟಿಲುಗಳು, ಕೆಲವು ಕಡೆ ಅರ್ಧ ಪಾದ ಊರುವಷ್ಟೇ ಜಾಗ, ಪಕ್ಕದ ಕಂಬಿ ಹಿಡಿದುಕೊಂಡರೂ ಎದೆ ಡವಡವ. ಆ ಮೆಟ್ಟಿಲು ಕೊರೆಯುವಾಗ ಕಂಬಿ ಇರಲಿಲ್ಲ ಅಲ್ವಾ? ಉಳಿ ಸುತ್ತಿಗೆ ಹಿಡಿದು ಅಲ್ಲಿ ಕೂತಿದ್ದವನ ಹೆಸರು ಗೊತ್ತಿಲ್ಲ. ತುದಿಯಲ್ಲಿ ಪಾಳುಬಿದ್ದಿರುವ ಗೋಪಾಲಕೃಷ್ಣ ದೇವಸ್ಥಾನಕ್ಕೆ ಗಾರೆ ಹೊತ್ತವರದ್ದೂ ಅಷ್ಟೇ.

ಯುರೋಪಿನಲ್ಲಿ ಹೆಸರಿನದ್ದೇ ಜಗಳ. ಆಲ್ಪ್ಸ್ ಪರ್ವತಗಳ ಮೌಂಟ್ ಬ್ಲಾಂಕ್ ಶಿಖರದ ತುದಿಗೆ ದಾರಿ ಹುಡುಕಿದವರಿಗೆ ಬಹುಮಾನ ಅಂತ 1760ರಲ್ಲಿ ಸೊಸ್ಯೂರ್ ಅನ್ನೋ ವಿಜ್ಞಾನಿ ಸಾರಿದ. 1786ರಲ್ಲಿ ಡಾಕ್ಟರ್ ಪಕಾರ್, ಹರಳು ಹುಡುಕುತ್ತಿದ್ದ ಬಾಲ್ಮಾ ಇಬ್ಬರೂ ಹತ್ತಿದರು. ಆಮೇಲೆ ಶುರುವಾಯ್ತು ನೋಡಿ, ಎಲ್ಲಾ ನನ್ನಿಂದಲೇ ಅಂತ ಬಾಲ್ಮಾ. 1887ರಲ್ಲಿ ಆ ಬೆಟ್ಟದ ಬುಡದ ಊರು ಶಮೋನಿಯಲ್ಲಿ ಪ್ರತಿಮೆ ನಿಲ್ಲಿಸಿದಾಗ ಶಿಖರದ ಕಡೆ ಬೆರಳು ತೋರಿಸುವ ಬಾಲ್ಮಾ ಇದ್ದಾನೆ, ಪಕ್ಕದಲ್ಲಿ ಸೊಸ್ಯೂರ್ ಇದ್ದಾನೆ, ಡಾಕ್ಟರೇ ನಾಪತ್ತೆ! ಅವನಿಗೆ ಪ್ರತಿಮೆಯಾಗಿದ್ದು 1986ರಲ್ಲಿ, ಹತ್ತಿ ಬರೋಬ್ಬರಿ ಇನ್ನೂರು ವರ್ಷ ಆದ ಮೇಲೆ.

ಇವರಿಗಿಂತ ನನಗೆ ಮರಿ ಪಾರಾದಿಯೇ ಇಷ್ಟ. ಬಡವರ ಮನೆಯ ಹೆಣ್ಣುಮಗಳು, 1808ರಲ್ಲಿ ಅದೇ ಶಿಖರ ಹತ್ತಿದಳು. ಹತ್ತಿದರೆ ನಿನ್ನನ್ನು ನೋಡೋಕೆ ಬರೋರು ಕಾಸು ಕೊಡ್ತಾರೆ ಅಂತ ಜೊತೆಯವರು ಹುರಿದುಂಬಿಸಿದ್ದರಂತೆ. ಹಾಗೇ ಆಯಿತು, ಚೆನ್ನಾಗಿಯೇ ಸಂಪಾದಿಸಿದಳು. ಸೊಗಸಾದ ಲೆಕ್ಕಾಚಾರ.

1857ರಲ್ಲಿ ಲಂಡನ್ನಿನಲ್ಲಿ ಬೆಟ್ಟ ಹತ್ತೋರ ಸಂಘ, ಆಲ್ಪೈನ್ ಕ್ಲಬ್, ಹುಟ್ಟಿತು. ಲಂಡನ್ನಿನಲ್ಲಿ ಬೆಟ್ಟವೇ ಇಲ್ಲ, ಅದು ಬೇರೆ ಮಾತು. ಲಾಯರು, ಪಾದ್ರಿ, ಪ್ರೊಫೆಸರುಗಳು ರಜೆಯಲ್ಲಿ ಆಲ್ಪ್ಸ್‌ಗೆ ಹೋಗಿ ಹಳ್ಳಿಯ ಗೈಡುಗಳಿಗೆ ದುಡ್ಡು ಕೊಟ್ಟು ಹತ್ತೋರು. ಹಿಮದಲ್ಲಿ ಮೆಟ್ಟಿಲು ಕಡಿಯುತ್ತಾ ಮುಂದೆ ಹೋಗೋನು ಗೈಡು, ಕೀರ್ತಿ ಜಾಸ್ತಿ ಹೋಗೋದು ಹಿಂದಿನವರಿಗೆ.

1953ರಲ್ಲಿ ಎವರೆಸ್ಟ್‌ನಲ್ಲೂ ಇದೇ ರಗಳೆ. ತೇನ್‌ಸಿಂಗ್ ಮೊದಲಾ, ಹಿಲರಿ ಮೊದಲಾ ಅಂತ ಪತ್ರಿಕೆಯವರು ಬೆನ್ನು ಬಿಡಲಿಲ್ಲ. ಹಿಲರಿ ಒಂದು ಹೆಜ್ಜೆ ಮುಂದಿದ್ದರು ಅಂತ ಆಮೇಲೆ ತೇನ್‌ಸಿಂಗರೇ ಹೇಳಿದರು. ಬ್ರಿಟನ್ನಿನಿಂದ ಹಿಲರಿಗೆ 'ಸರ್' ಪದವಿ, ತೇನ್‌ಸಿಂಗರಿಗೆ ಒಂದು ಪದಕ.

ಆಡು ಮೇಯಿಸುತ್ತಾ ಮಧುಗಿರಿ ಬೆಟ್ಟದ ಬುಡದಲ್ಲೇ ಬೆಳೆದ ನಮ್ಮ ಚಿಕ್ಕಪ್ಪನಿಗೆ ಇದನ್ನೆಲ್ಲಾ ಹೇಳಿದೆ. ಪೂರ್ತಿ ಕೇಳಿಸಿಕೊಂಡರು. "ಅಲ್ಲಪ್ಪಾ, ಆ ತೇನ್‌ಸಿಂಗ್‌ಗೆ ದಿನಕ್ಕೆ ಎಷ್ಟು ಕೂಲಿ ಕೊಟ್ಟಿದ್ರಂತೆ?" ಅಂದರು.