ಲಾರಿ ತುಂಬೋಕೂ ಡಿಗ್ರಿ ಬೇಕಾ?

ವಿಜಯಪುರ ಜಿಲ್ಲೆಯ ಕಾಲೇಜುಗಳಲ್ಲಿ ಲಾಜಿಸ್ಟಿಕ್ಸ್ (ಸರಕು ಸಾಗಿಸುವ, ಕೂಡಿಡುವ ಕಸುಬು) ಪದವಿ ಶುರು ಮಾಡಬೇಕೇ?

ಪರ: ಇಂಡಿ ಊರಿನ ನಿಂಬೆ ವ್ಯಾಪಾರಿ

ಬೇಕು. ಹತ್ತು ಸಲ ಕೇಳಿದರೂ ಬೇಕು.

ಐದು ವರ್ಷದ ಹಿಂದೆ ಮೇ ತಿಂಗಳಲ್ಲಿ ದಿಲ್ಲಿಗೆ ಒಂದು ಲಾರಿ ನಿಂಬೆ ಕಳಿಸಿದ್ದೆ. ಮಳೆ ಬಂದೀತು ಅಂತ ತಾಡಪತ್ರಿಯನ್ನು ಗಟ್ಟಿಯಾಗಿ ಬಿಗಿಸಿದ್ದೆ. ಹಮಾಲರ ಮುಂದೆ ನಿಂತು ಬಿಗಿಸಿದವನು ನಾನೇ, ಸುಳ್ಳೇಕೆ. ದಾರಿಯಲ್ಲಿ ಲಾರಿ ಕೆಟ್ಟು ಎರಡು ದಿನ ನಿಂತಿತು. ಡ್ರೈವರ್ ಫೋನ್ ಮಾಡಿದ: 'ಸಾವ್ಕಾರ್ರ, ಗಾಡಿ ವಾಸ್ನಿ ಹೊಡ್ಯಾಕತ್ತೈತ್ರಿ.' ದಿಲ್ಲಿಯಲ್ಲಿ ಬಿಚ್ಚಿದರೆ ಮೇಲಿನ ಚೀಲಗಳು ಚಲೋ ಇದ್ದವು. ನಡುವಿನ ಚೀಲದಲ್ಲಿ ಕೈ ಇಟ್ಟರೆ ಬಿಸಿಯಂತೆ. ತಳದ ಚೀಲಗಳಿಂದ ರಸ ಸೋರುತ್ತಿತ್ತಂತೆ. ಮಾರಾಟದ ಲೆಕ್ಕದ ಪಟ್ಟಿ ಬಂದಾಗ ಬಾಡಿಗೆ, ಹಮಾಲಿ ಕಳೆದು ನಾನೇ ತಿರುಗಿ ದುಡ್ಡು ಕೊಡಬೇಕಾಯಿತು.

ಹಣ್ಣು ಕಿತ್ತ ಮೇಲೂ ಉಸಿರಾಡುತ್ತದೆ, ಆ ಉಸಿರಿಗೇ ಬಿಸಿ ಹುಟ್ಟುತ್ತದೆ, ಚೀಲಗಳ ನಡುವೆ ಗಾಳಿ ಆಡಬೇಕು. ಇದನ್ನು ನನಗೆ ಹೇಳಿದವನು ಲಾಜಿಸ್ಟಿಕ್ಸ್ ಓದಿ ಕೋಲ್ಡ್ ಸ್ಟೋರೇಜಿನಲ್ಲಿ ಕೆಲಸಕ್ಕಿದ್ದ ಪುಣೆಯ ಹುಡುಗ. ಮೂವತ್ತು ವರ್ಷ ನಿಂಬೆ ಮಾರಿದ ನನಗೆ ಗೊತ್ತಿರಲಿಲ್ಲ!

ಇಂಡಿ ನಿಂಬೆಗೆ 2023ರಲ್ಲಿ ಜಿಐ ಟ್ಯಾಗ್, ಅಂದರೆ ಊರಿನ ಹೆಸರಿನ ಸರ್ಕಾರಿ ಗುರುತು, ಬಂತು. ಹೆಸರೇನೋ ಬಂತು, ಹಣ್ಣು ಹೋಗುವುದು ಅದೇ ಗೋಣಿಚೀಲದಲ್ಲಿ. ತಿಕೋಟಾ ಕಡೆಯ ಒಣದ್ರಾಕ್ಷಿ ಮಹಾರಾಷ್ಟ್ರದ ಸಾಂಗ್ಲಿ, ತಾಸಗಾಂವಿಗೆ ಹೋಗಿ ಮಾರಾಟವಾಗುತ್ತದೆ. ಬೆಳೆ ನಮ್ಮದು, ಲೆಕ್ಕ ಅವರದು. ಈ ಕಸುಬಿನ ತರಬೇತಿ ನೋಡಿಕೊಳ್ಳುವ ಲಾಜಿಸ್ಟಿಕ್ಸ್ ಸೆಕ್ಟರ್ ಸ್ಕಿಲ್ ಕೌನ್ಸಿಲ್ ಕಾಲೇಜುಗಳ ಜತೆ ಸೇರಿ ಅಪ್ರೆಂಟಿಸ್ ಇರುವ ಪದವಿ ನಡೆಸುತ್ತಿದೆ. ಹುಡುಗರು ಸ್ಟೈಪೆಂಡ್ ತಗೊಂಡು ಕೆಲಸದ ಜಾಗದಲ್ಲೇ ಕಲಿಯುತ್ತಾರೆ. ಅದು ಇಲ್ಲಿಗೂ ಬರಲಿ.

ಹಳೇ ಹುಂಡೇಕಾರಿಗಳಿಗೆ (ಸರಕು ಸಾಗಣೆ ಏಜೆಂಟರಿಗೆ) ಯಾವ ಡಿಗ್ರಿ ಇತ್ತು ಅಂತ ಕೆಲವರು ನಗುತ್ತಾರೆ. ಅವರು ಯಾವತ್ತೂ ಕೊಳೆತ ಲೋಡಿನ ಪಟ್ಟಿ ನೋಡಿದವರಲ್ಲ.

ವಿರೋಧ: ವಿಜಯಪುರದ ವಾಣಿಜ್ಯ ಉಪನ್ಯಾಸಕ

ನನ್ನ ಪಾಲಿಗೆ ಬಂದಿದ್ದು ವಿರೋಧ. ಪರ ಕೊಟ್ಟಿದ್ದರೂ ಬರೆಯುತ್ತಿದ್ದೆನೇನೋ.

ಅಮೆರಿಕದಲ್ಲಿ 1963ರಲ್ಲಿ ಈ ಕಸುಬಿನವರ ಒಂದು ಸಂಘ ಹುಟ್ಟಿತು. ಆಗ ಅದರ ಹೆಸರಲ್ಲಿ 'ಫಿಸಿಕಲ್ ಡಿಸ್ಟ್ರಿಬ್ಯೂಷನ್' (ಸರಕು ಹಂಚಿಕೆ) ಇತ್ತು. 1985ರಲ್ಲಿ ಅದು 'ಲಾಜಿಸ್ಟಿಕ್ಸ್' ಆಯಿತು, 2005ರಲ್ಲಿ 'ಸಪ್ಲೈ ಚೈನ್' (ಪೂರೈಕೆ ಸರಪಳಿ). ನಾವು ಸಿಲಬಸ್ ಬರೆದು ಮಂಜೂರು ಮಾಡಿಸುವಷ್ಟರಲ್ಲಿ ಇನ್ನೊಂದು ಹೆಸರು ಬಂದಿರುತ್ತದೆ, ಅಲ್ವಾ? ಎಎಸ್‌ಸಿಎಂ ಅಂತ ಇದೇ ಕಸುಬಿನ ಇನ್ನೊಂದು ಸಂಘ ಇದೆ. ಅದರ ಸರ್ಟಿಫಿಕೇಟನ್ನು 5 ವರ್ಷಕ್ಕೊಮ್ಮೆ ನವೀಕರಿಸಬೇಕು. ಡಿಗ್ರಿ ಮುಗಿದರೂ ಓಡಾಟ ಮುಗಿಯುವುದಿಲ್ಲ.

ಇದಕ್ಕೇ ಅಂತ ವಡೋದರದಲ್ಲಿ 2022ರಿಂದ ಗತಿಶಕ್ತಿ ವಿಶ್ವವಿದ್ಯಾಲಯ ಇದೆ. ಬೇಕಾದವರು ಅಲ್ಲಿಗೆ ಹೋಗಲಿ.

ಸಾವ್ಕಾರರ ನಿಂಬೆ ಕೊಳೆತಿದ್ದು ಬೇಜಾರಿನ ಸಂಗತಿಯೇ. ಆದರೆ ತಾಡಪತ್ರಿ ಸಡಿಲ ಕಟ್ಟೋಕೆ ಮೂರು ವರ್ಷ ಓದಬೇಕಾ? ಬಿ.ಕಾಂ.ನಲ್ಲಿ ಒಂದು ಪೇಪರ್ ಸಾಕು. ಬಿಲ್ಟಿ (ಲಾರಿ ಸರಕಿನ ರಸೀದಿ) ಓದೋದು, ಸರಕಿನ ಜತೆ ಹೋಗುವ ಇ-ವೇ ಬಿಲ್ ಮಾಡೋದು ಕಲಿಸಿ, ಎರಡು ತಿಂಗಳು ಎಪಿಎಂಸಿಗೆ ಕಳಿಸಿದರಾಯಿತು.

ಅಣ್ಣನ ಮಗ ಹೋದ ವರ್ಷ ಬೆಂಗಳೂರಿನಲ್ಲಿ ಇದೇ ಕೋರ್ಸಿಗೆ ಸೇರಿದ. ನಾನು ಬೇಡ ಅನ್ನಲಿಲ್ಲ. ಹಾಸ್ಟೆಲ್ ಖರ್ಚು ಕೇಳಿದಾಗ ಮಾತ್ರ, ಇಲ್ಲೇ ಇದ್ದಿದ್ದರೆ ಅನ್ನಿಸಿತು.